ಮಂಡಿ ಮತ್ತು ಕಾಲ್ಗಿಣ್ಣಿನ ಗಾಯಗಳ ಕುರಿತು ಮಂಡ್ಯ ಜಿಲ್ಲಾಡಳಿತಕ್ಕೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ, ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳಿಗೆ, ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳಿಗೆ ಹಾಗೂ ಶಾಲಾ ಶಿಕ್ಷಣ ಇಲಾಖೆಯ ಉಪನಿರ್ದೇಶಕರಿಗೆ,

ಗೌರವಪೂರ್ವಕ ನಮಸ್ಕಾರಗಳು.

ನಾನು ಈ ಜಿಲ್ಲೆಯ ತಾಲ್ಲೂಕು ಕೇಂದ್ರವೊಂದರಲ್ಲಿ ಫಿಜಿಯೋಥೆರಪಿ ಕೆಲಸ ಮಾಡುವವಳು. ಪ್ಲಾಸ್ಟರ್ ಬಿಚ್ಚಿದ ಮೇಲೆ, ಶಸ್ತ್ರಚಿಕಿತ್ಸೆಯ ಹೊಲಿಗೆ ತೆಗೆದ ಮೇಲೆ, ಇಲ್ಲವೇ ಊರಿನಲ್ಲಿ ಎಣ್ಣೆ ನೀವಿಸಿಕೊಂಡು ಪಟ್ಟು ಹಾಕಿಸಿಕೊಂಡು ಎಲ್ಲವೂ ಮುಗಿದು, ‘ಇನ್ನೂ ಕಾಲು ಊರೋಕೆ ಆಗ್ತಿಲ್ಲ ಮೇಡಂ’ ಎನ್ನುವ ಹೊತ್ತಿಗೆ ಜನ ನನ್ನಲ್ಲಿಗೆ ಬರುತ್ತಾರೆ. ಹೀಗಾಗಿ ಗಾಯದ ಆರಂಭಕ್ಕಿಂತ ಅದರ ಪರಿಣಾಮವನ್ನೇ ನಾನು ಹೆಚ್ಚು ನೋಡುತ್ತೇನೆ. ಹಾಗೆ ನೋಡಿದ್ದರಿಂದ ಮೂಡಿದ ಒಂದೇ ಒಂದು ಅಭಿಪ್ರಾಯವನ್ನು ತಮ್ಮ ಮುಂದಿಡಲು ಈ ಪತ್ರ ಬರೆಯುತ್ತಿದ್ದೇನೆ: ನಮ್ಮ ಹಳ್ಳಿಗಳಲ್ಲಿ ಕಾಣುವ ಕುಂಟುಗಾಲುಗಳಲ್ಲಿ ಬಹಳಷ್ಟು, ಪೆಟ್ಟಿನ ತೀವ್ರತೆಯಿಂದ ಆದವಲ್ಲ, ಮೊದಲ ಕೆಲವು ವಾರಗಳನ್ನು ಕಳೆದುಕೊಂಡದ್ದರಿಂದ, ಇಲ್ಲವೇ ಸರಿಯಾಗಿಯೇ ಆರಂಭವಾದ ಚಿಕಿತ್ಸೆಯನ್ನು ನಡುವೆ ಬಿಟ್ಟದ್ದರಿಂದ ಆದವು. ಮಂಡ್ಯದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ, ನಾಗಮಂಗಲ ತಾಲ್ಲೂಕಿನಲ್ಲಿ ಇನ್ನೊಂದು ವೈದ್ಯಕೀಯ ಕಾಲೇಜಿದೆ, ಮೈಸೂರಿನ ಕೆ.ಆರ್. ಆಸ್ಪತ್ರೆ ದೂರವೇನಲ್ಲ. ದೊಡ್ಡ ಆಸ್ಪತ್ರೆಗಳ ಕೊರತೆ ನಮಗಿಲ್ಲ. ಗಾಯವಾದ ಜಾಗಕ್ಕೂ ಆ ಆಸ್ಪತ್ರೆಗಳಿಗೂ ನಡುವೆ, ಮತ್ತೆ ಆ ಆಸ್ಪತ್ರೆಗಳಿಂದ ಮನೆಗೆ ಮರಳಿದ ನಂತರ, ನೋಡಿಕೊಳ್ಳುವವರು ಯಾರು ಎಂಬುದು ಪ್ರಶ್ನೆ.

ಆಟದ ಮೈದಾನದಿಂದಲೇ ಆರಂಭಿಸುತ್ತೇನೆ. ನಮ್ಮ ಜಿಲ್ಲೆಯಲ್ಲಿ ಕಬಡ್ಡಿ ಆಡದ ಹಳ್ಳಿಯನ್ನು ಹುಡುಕುವುದು ಕಷ್ಟ. ಜಾತ್ರೆ, ಗಣೇಶೋತ್ಸವ, ರಾಜ್ಯೋತ್ಸವ ಯಾವುದೇ ಬಂದರೂ ಹೊನಲು ಬೆಳಕಿನ ಪಂದ್ಯಾವಳಿ ಇದ್ದೇ ಇರುತ್ತದೆ. ಬಹುಮಾನದ ಮೊತ್ತ, ಅತಿಥಿಗಳ ಹೆಸರು, ಊಟದ ವ್ಯವಸ್ಥೆ ಎಲ್ಲವೂ ಕರಪತ್ರದಲ್ಲಿ ಅಚ್ಚಾಗಿರುತ್ತವೆ. ಆಟಗಾರನೊಬ್ಬ ಅಂಕಣದಲ್ಲಿ ಬಿದ್ದರೆ ಏನು ಮಾಡಬೇಕೆಂಬುದನ್ನು ಮಾತ್ರ ಯಾರೂ ಯೋಚಿಸಿರುವುದಿಲ್ಲ. ದಾಳಿಗೆ ಹೋದ ಹುಡುಗ ಗೆರೆಯತ್ತ ಮರಳಲು ಕಾಲೂರಿ ತಿರುಗುವ ಕ್ಷಣದಲ್ಲಿಯೇ ಎದುರು ತಂಡದವನು ಅವನ ಆಂಕಲ್ ಹಿಡಿಯುತ್ತಾನೆ. ಪಾದ ನೆಲಕ್ಕೆ ಅಂಟಿರುತ್ತದೆ, ಮೈ ತಿರುಗಿರುತ್ತದೆ, ಆ ತಿರುಚೆಲ್ಲ ಮಂಡಿಯ ಒಳಗೆ ಸೇರುತ್ತದೆ. ಮಂಡಿಯೊಳಗೆ ತೊಡೆಮೂಳೆಯನ್ನೂ ಮೊಳಕಾಲ ಮೂಳೆಯನ್ನೂ ಬಂಧಿಸಿ, ಕೆಳಗಿನ ಮೂಳೆ ಮುಂದಕ್ಕೆ ಜಾರದಂತೆ ಹಿಡಿದಿಡುವ ಅಸ್ಥಿರಜ್ಜು ಒಂದಿದೆ, ವೈದ್ಯರು ಎ.ಸಿ.ಎಲ್. ಎನ್ನುವುದು ಅದನ್ನೇ. ಅದು ಹರಿದಾಗ ಅನೇಕರಿಗೆ ‘ಟಕ್’ ಎಂಬ ಸದ್ದು ಒಳಗೇ ಕೇಳಿಸುತ್ತದೆ, ಮತ್ತು ಕೆಲವೇ ಗಂಟೆಗಳಲ್ಲಿ ಮಂಡಿ ಊದಿಕೊಳ್ಳುತ್ತದೆ. ಅಷ್ಟು ಬೇಗ ಬರುವ ಊತ ಸಾಮಾನ್ಯವಾಗಿ ಕೀಲಿನೊಳಗೆ ರಕ್ತ ಸೋರಿದ್ದರ ಗುರುತು. ಮಾರನೆಯ ದಿನ ಮೆಲ್ಲಗೆ ಬಂದ ಊತಕ್ಕಿಂತ ಇದನ್ನು ಹೆಚ್ಚು ಗಂಭೀರವಾಗಿ ನೋಡಬೇಕು.

ಮುಂದೆ ಆಗುವುದು ಹೆಚ್ಚು ಕಡಿಮೆ ಎಲ್ಲರಿಗೂ ಒಂದೇ. ಎಕ್ಸ್-ರೇ ತೆಗೆಸುತ್ತಾರೆ. ಅಸ್ಥಿರಜ್ಜು ಎಕ್ಸ್-ರೇಯಲ್ಲಿ ಕಾಣುವುದಿಲ್ಲವಾದ್ದರಿಂದ ‘ಮೂಳೆಗೇನೂ ಆಗಿಲ್ಲ’ ಎಂಬ ಮಾತು ಬರುತ್ತದೆ. ಮನೆಯವರ ಕಿವಿಗೆ ಅದು ‘ಏನೂ ಆಗಿಲ್ಲ’ ಎಂದೇ ಬೀಳುತ್ತದೆ. ಎರಡು ಮೂರು ವಾರಗಳಲ್ಲಿ ಊತ ಇಳಿದು, ಹುಡುಗ ನೇರ ದಾರಿಯಲ್ಲಿ ನಡೆದಾಡತೊಡಗುತ್ತಾನೆ, ಮುಂದಿನ ಪಂದ್ಯಕ್ಕೆ ಇಳಿದೂ ಬಿಡುತ್ತಾನೆ. ಆಗ ತಿರುಗಿದ ಕೂಡಲೇ ಮಂಡಿ ಕಳಚಿದ ಹಾಗಾಗಿ ಕುಸಿಯುತ್ತದೆ. ಹಾಗೆ ಕುಸಿದ ಪ್ರತಿ ಸಲವೂ ಎರಡು ಮೂಳೆಗಳ ನಡುವೆ ಮೆತ್ತೆಯಂತಿರುವ ಮಿನಿಸ್ಕಸ್ ಹರಿಯುವ ಸಾಧ್ಯತೆ ಇರುತ್ತದೆ. ಇಪ್ಪತ್ತರ ಹರೆಯದಲ್ಲಿ ಆದ ಗಾಯ ನಲವತ್ತಕ್ಕೂ ಮೊದಲೇ ಮಂಡಿ ಸವೆತವಾಗಿ ಕಾಣಿಸಿಕೊಳ್ಳುವುದು ಈ ದಾರಿಯಲ್ಲಿ. ಅನುಭವವಿರುವ ವೈದ್ಯರು ಮಂಡಿಯನ್ನು ತುಸು ಬಾಗಿಸಿ, ತೊಡೆಯನ್ನು ಒಂದು ಕೈಯಲ್ಲಿ ಹಿಡಿದು, ಕಾಲನ್ನು ಇನ್ನೊಂದು ಕೈಯಿಂದ ಮುಂದಕ್ಕೆ ಎಳೆದು ನೋಡಿದರೆ ಈ ರಜ್ಜು ಇದೆಯೋ ಇಲ್ಲವೋ ಎಂಬುದು ಬಹುಪಾಲು ತಿಳಿದುಬಿಡುತ್ತದೆ; ಎಂ.ಆರ್.ಐ. ಅದನ್ನು ಖಚಿತಪಡಿಸುತ್ತದೆ. ಊತ ಮತ್ತು ನೋವು ಹೆಚ್ಚಿರುವ ಮೊದಲ ದಿನಗಳಲ್ಲಿ ಈ ಪರೀಕ್ಷೆ ಕಷ್ಟ. ಆದುದರಿಂದ ಹತ್ತು ಹದಿನೈದು ದಿನಗಳ ನಂತರ ಮತ್ತೊಮ್ಮೆ ಕರೆಸಿ ನೋಡುವುದೇ ಇಲ್ಲಿನ ಮುಖ್ಯ ಕೆಲಸ. ಆ ಎರಡನೆಯ ಭೇಟಿಯೇ ನಮ್ಮಲ್ಲಿ ನಡೆಯುತ್ತಿಲ್ಲ.

ರಜ್ಜು ಹರಿದವರೆಲ್ಲರಿಗೂ ಶಸ್ತ್ರಚಿಕಿತ್ಸೆ ಬೇಕೆಂದು ನಾನು ಹೇಳುತ್ತಿಲ್ಲ. ನೇರ ನಡಿಗೆಯ ಕೆಲಸ ಮಾಡುವ, ಮಂಡಿ ಕುಸಿಯದ ಎಷ್ಟೋ ಜನ ತೊಡೆಯ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮದಿಂದಲೇ ಚೆನ್ನಾಗಿರುತ್ತಾರೆ. ಕಬಡ್ಡಿ, ಕೊಕ್ಕೊ, ಫುಟ್‌ಬಾಲ್‌ನಂಥ ತಿರುಗು ಆಟಕ್ಕೆ ಮರಳಬೇಕಾದವರಿಗೆ, ಅಥವಾ ದಿನನಿತ್ಯದ ಕೆಲಸದಲ್ಲೇ ಮಂಡಿ ಕುಸಿಯುವವರಿಗೆ, ತೊಡೆಯ ಹಿಂಭಾಗದ ಅಥವಾ ಮಂಡಿಚಿಪ್ಪಿನ ಕೆಳಗಿನ ಸ್ನಾಯುರಜ್ಜುವಿನ (ಸ್ನಾಯುವನ್ನು ಮೂಳೆಗೆ ಸೇರಿಸುವ ಹುರಿಯ) ತುಂಡನ್ನು ತೆಗೆದು, ಕೀಲಿನೊಳಗೆ ಇಳಿಸುವ ಸಣ್ಣ ಕ್ಯಾಮೆರಾ ಕೊಳವೆಯ ನೆರವಿನಿಂದ ಹೊಸ ರಜ್ಜು ಕೂರಿಸುತ್ತಾರೆ. ಊತ ಇಳಿದು ಮಂಡಿ ಪೂರ್ತಿ ನೇರವಾಗುವ ಮೊದಲೇ ಅವಸರ ಮಾಡಿದರೆ ಕೀಲು ಬಿಗಿದುಕೊಳ್ಳುವ ಅಪಾಯವಿದೆ. ಶಸ್ತ್ರಚಿಕಿತ್ಸೆಯ ನಂತರ ಅಂಕಣಕ್ಕೆ ಮರಳಲು ಕನಿಷ್ಠ 9 ತಿಂಗಳಾದರೂ ಬೇಕು. ಕೂರಿಸಿದ ರಜ್ಜು ಜೀವ ಹಿಡಿದು ಗಟ್ಟಿಯಾಗಲು ಅಷ್ಟು ಕಾಲ ಹಿಡಿಯುತ್ತದೆ. ಅದಕ್ಕಿಂತ ಬೇಗ ಇಳಿದವರಲ್ಲಿ ಮತ್ತೆ ಹರಿಯುವುದು ಹೆಚ್ಚು. ತಂಡದ ಹಿರಿಯರು ಬಂದು ‘ಮುಂದಿನ ತಿಂಗಳ ಟೂರ್ನಮೆಂಟಿಗೆ ಬಿಡಬಹುದಾ’ ಎಂದು ಕೇಳುವಾಗ ನನಗೆ ಸಿಟ್ಟು ಬರುತ್ತದೆಂದು ಇಲ್ಲಿ ಬರೆದರೆ ಯಾರೂ ತಪ್ಪು ತಿಳಿಯಬಾರದು.

ಮಂಡಿಗಿಂತಲೂ ಹೆಚ್ಚು ಸಲ ಪೆಟ್ಟಾಗುವುದು ಕಾಲ್ಗಿಣ್ಣಿಗೆ. ಪಾದ ಒಳಮಗ್ಗುಲಿಗೆ ಮಡಚಿದಾಗ ಹೊರಮಗ್ಗುಲಿನ ರಜ್ಜುಗಳು ಎಳೆದುಕೊಳ್ಳುತ್ತವೆ ಅಥವಾ ಹರಿಯುತ್ತವೆ. ನಾವು ಉಳುಕು ಎನ್ನುವುದು ಇದನ್ನು. ಇದಕ್ಕೆ ನಮ್ಮ ಕಡೆಯ ಮನೆಮದ್ದು ಎಲ್ಲರಿಗೂ ಗೊತ್ತು: ಹುಣಸೆಹುಳಿಗೆ ಉಪ್ಪು ಬೆರೆಸಿ ಬೇಯಿಸಿದ ಪಟ್ಟು, ಮುಸುಂಬರದ ಲೇಪ, ಬಿಸಿನೀರಿನ ಶಾಖ, ಕೊನೆಗೆ ಉಳುಕು ತೆಗೆಯುವವರಿಂದ ನೀವಿಸಿಕೊಳ್ಳುವುದು. ಲೇಪದಿಂದ ಹಾನಿ ಕಡಿಮೆ. ಹಾನಿಯಾಗುವುದು ಮೊದಲ ಎರಡು ದಿನಗಳ ಬಿಸಿ ಶಾಖದಿಂದ ಮತ್ತು ಬಲವಂತದ ನೀವುವಿಕೆಯಿಂದ. ಆಗತಾನೆ ಹರಿದ ರಕ್ತನಾಳಗಳು ಇನ್ನಷ್ಟು ಸೋರಿ ಬಾವು ಹೆಚ್ಚುತ್ತದೆ, ಮತ್ತು ಒಳಗೆ ಮುರಿತವಿದ್ದರೆ ಅದು ಸರಿದುಕೊಳ್ಳುತ್ತದೆ. ಮೊದಲ 48 ಗಂಟೆಗಳಲ್ಲಿ ಬೇಕಾಗಿರುವುದು ತಂಪು, ಕ್ರೇಪ್ ಬ್ಯಾಂಡೇಜಿನ ಹದವಾದ ಒತ್ತಡ, ಕಾಲನ್ನು ದಿಂಬಿನ ಮೇಲೆ ಎತ್ತಿಡುವುದು. ಐಸ್ ಸಿಗದ ಊರಿನಲ್ಲಿ ತಣ್ಣೀರಿನಲ್ಲಿ ಅದ್ದಿದ ಟವೆಲ್ ಸಾಕು. ಐಸ್ ಸಿಕ್ಕರೆ ಬಟ್ಟೆಯಲ್ಲಿ ಸುತ್ತಿ, ಒಂದು ಸಲಕ್ಕೆ 15–20 ನಿಮಿಷಕ್ಕಿಂತ ಹೆಚ್ಚು ಇಡಬಾರದು. ನಂತರ ತಿಂಗಳುಗಟ್ಟಲೆ ಹಾಸಿಗೆ ಹಿಡಿಯುವುದೂ ತಪ್ಪೇ. ಸಾಮಾನ್ಯ ಉಳುಕಿನಲ್ಲಿ ಪಟ್ಟಿಯ ಆಸರೆಯೊಂದಿಗೆ ಬೇಗ ನಡೆದಾಡಿದವರೇ ಬೇಗ ಗುಣವಾಗುತ್ತಾರೆ. ನೋವು ಕಡಿಮೆಯಾದ ಮೇಲೆ ಗೋಡೆಯ ಪಕ್ಕ ಒಂಟಿಕಾಲಿನಲ್ಲಿ ನಿಲ್ಲುವ ಅಭ್ಯಾಸವನ್ನು ಕೆಲವು ವಾರ ಮಾಡಬೇಕು. ರಜ್ಜುವಿನ ಜೊತೆಗೆ ಸಮತೋಲನದ ಅರಿವೂ ಪೆಟ್ಟು ತಿಂದಿರುತ್ತದೆ. ಅದನ್ನು ಮರಳಿ ಕಲಿಸದಿದ್ದರೆ ಅದೇ ಕಾಲು ಮತ್ತೆ ಮತ್ತೆ ಉಳುಕುತ್ತದೆ.

ಯಾವ ಉಳುಕಿಗೆ ಎಕ್ಸ್-ರೇ ಬೇಕು ಎಂಬುದನ್ನು ನಿರ್ಧರಿಸಲು ಕೆನಡಾದ ಒಟ್ಟಾವಾದ ವೈದ್ಯರು 1992ರಲ್ಲಿ ಪ್ರಕಟಿಸಿದ ಸರಳ ನಿಯಮವೊಂದಿದೆ, ಅದನ್ನು ಇಂದು ಜಗತ್ತಿನಾದ್ಯಂತ ಬಳಸುತ್ತಾರೆ. ಗಿಣ್ಣಿನ ಎರಡು ಬದಿಯ ಉಬ್ಬುಮೂಳೆಗಳ ಹಿಂಬದಿಯ ಅಂಚನ್ನು ತುದಿಯಿಂದ ಮೇಲಕ್ಕೆ 6 ಸೆಂಟಿಮೀಟರಿನವರೆಗೆ ಬೆರಳಿನಿಂದ ಒತ್ತಿದಾಗ ಮೂಳೆಯ ಮೇಲೆಯೇ ನೋವಾದರೆ, ಅಥವಾ ಪೆಟ್ಟಾದ ಕೂಡಲೂ ಪರೀಕ್ಷೆಯ ಹೊತ್ತಿನಲ್ಲೂ ನಾಲ್ಕು ಹೆಜ್ಜೆ ಇಡಲಾಗದಿದ್ದರೆ ಎಕ್ಸ್-ರೇ ಬೇಕು. ಪಾದದ ಹೊರ ಅಂಚಿನ ನಡುವಿನ ಗಂಟನ್ನೂ ಒಳಬದಿಯ ಕಮಾನಿನ ಮೇಲಿನ ಮೂಳೆಯನ್ನೂ ಒತ್ತಿ ನೋಡಬೇಕು. ಇವ್ಯಾವೂ ಇಲ್ಲದಿದ್ದರೆ ಮುರಿತದ ಸಾಧ್ಯತೆ ತೀರಾ ಕಡಿಮೆ. ಇದಕ್ಕೆ ಯಂತ್ರ ಬೇಡ, ಪದವಿ ಬೇಡ. ದೈಹಿಕ ಶಿಕ್ಷಣ ಶಿಕ್ಷಕರೊಬ್ಬರು ಮೈದಾನದಲ್ಲೇ ಮಾಡಬಹುದು. ಮಕ್ಕಳ ವಿಷಯದಲ್ಲಿ ಮಾತ್ರ ಒಂದು ಎಚ್ಚರಿಕೆ. ಬೆಳೆಯುವ ವಯಸ್ಸಿನಲ್ಲಿ ಮೂಳೆಯ ತುದಿಯಲ್ಲಿರುವ ಬೆಳವಣಿಗೆಯ ಪದರವು ರಜ್ಜುವಿಗಿಂತ ದುರ್ಬಲ. ದೊಡ್ಡವರಲ್ಲಿ ರಜ್ಜು ಹರಿಯುವ ಪೆಟ್ಟಿಗೆ ಮಕ್ಕಳಲ್ಲಿ ಆ ಪದರವೇ ಬಿರುಕು ಬಿಡಬಹುದು, ಮತ್ತು ಅದನ್ನು ಉಳುಕೆಂದು ಬಿಟ್ಟರೆ ಆ ಕಾಲು ಬೆಳೆಯುತ್ತ ಸೊಟ್ಟಗಾಗಬಹುದು. ಶಾಲೆಯ ಕ್ರೀಡಾಕೂಟದಲ್ಲಿ ಗಿಣ್ಣು ಊದಿ, ಮೂಳೆಯ ಮೇಲೆ ಒತ್ತಿದರೆ ನೋಯುವ ಮಗುವನ್ನು ‘ಸರಿಹೋಗುತ್ತೆ, ನಡೆದಾಡು’ ಎಂದು ಸಾಲಿನಲ್ಲಿ ನಿಲ್ಲಿಸುವುದು ನಿಲ್ಲಬೇಕು.

ಮೂಳೆ ಕಟ್ಟು ಕಟ್ಟುವವರ ಬಗ್ಗೆ ಎರಡು ಮಾತು. ಅವರನ್ನು ಬಯ್ಯುವುದು ಸುಲಭ. ಆದರೆ ಜನ ಅವರ ಬಳಿ ಹೋಗುವುದಕ್ಕೆ ಕಾರಣಗಳಿವೆ: ಹತ್ತಿರದಲ್ಲಿರುತ್ತಾರೆ, ರಾತ್ರಿಯೂ ಸಿಗುತ್ತಾರೆ, ಚೀಟಿ ಬರೆಸಲು ಸಾಲು ನಿಲ್ಲಿಸುವುದಿಲ್ಲ, ಗದರಿಸುವುದಿಲ್ಲ. ಅಪಾಯವಿರುವುದು ಬಿದಿರಿನ ದಬ್ಬೆಯಿಟ್ಟು ಬಿಗಿಯಾಗಿ ಕಟ್ಟಿ, ಒಳಗಿನ ಊತಕ್ಕೆ ಜಾಗವಿಲ್ಲದಂತಾಗುವಲ್ಲಿ. ಬೆರಳುಗಳು ತಣ್ಣಗಾಗಿ, ನೀಲಿಗಟ್ಟಿ, ಜೋಮು ಹಿಡಿದು, ಬೆರಳನ್ನು ತುಸು ಅಲುಗಿಸಿದರೂ ತಾಳಲಾರದ ನೋವು ಬಂದರೆ ಒಳಗೆ ರಕ್ತ ಸಂಚಾರ ನಿಲ್ಲುತ್ತಿದೆ ಎಂದರ್ಥ. ಕಟ್ಟನ್ನು ಆ ಕ್ಷಣವೇ ಬಿಚ್ಚಿ 108ಕ್ಕೆ ಕರೆ ಮಾಡಬೇಕು. ಕೆಲವೇ ಗಂಟೆ ತಡವಾದರೂ ಸ್ನಾಯುಗಳು ಸಾಯುತ್ತವೆ, ಕಾಲನ್ನೇ ಕತ್ತರಿಸಬೇಕಾಗಬಹುದು. ಆಸ್ಪತ್ರೆಯಲ್ಲಿ ಹಾಕಿದ ಪ್ಲಾಸ್ಟರಿಗೂ ಈ ಮಾತು ಅಷ್ಟೇ ಅನ್ವಯಿಸುತ್ತದೆ. ಕಟ್ಟು ಕಟ್ಟುವವರ ಮೇಲೆ ಪ್ರಕರಣ ಹೂಡುತ್ತ ಹೋದರೆ ಅವರು ಇನ್ನಷ್ಟು ಮರೆಗೆ ಸರಿಯುತ್ತಾರೆ ಅಷ್ಟೆ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆಸಿ, ಮೂಳೆ ಹೊರಬಂದ ಗಾಯ, ತಣ್ಣಗಾದ ಪಾದ, ಕೀಲಿನ ಹತ್ತಿರದ ಮುರಿತ ಮತ್ತು ಮಕ್ಕಳ ಯಾವುದೇ ಮುರಿತವನ್ನು ಮುಟ್ಟದೆ ಕಳುಹಿಸಬೇಕೆಂದು ಒಪ್ಪಿಸುವುದು ಹೆಚ್ಚು ಫಲ ಕೊಡುತ್ತದೆ ಎಂಬುದು ನನ್ನ ಅಭಿಪ್ರಾಯ. ನನ್ನ ವೃತ್ತಿಬಾಂಧವರಲ್ಲಿ ಕೆಲವರು ಇದನ್ನು ಒಪ್ಪುವುದಿಲ್ಲವೆಂದು ಬಲ್ಲೆ.

ಇನ್ನು ಹುಟ್ಟಿನಿಂದ ಬರುವ ವಿಕಲತೆಗೆ ಬರುತ್ತೇನೆ. ಈ ಪತ್ರದಲ್ಲಿ ಒಂದನ್ನು ಮಾತ್ರ ತಾವು ಓದುವುದಾದರೆ ಇದನ್ನು ಓದಬೇಕೆಂಬುದು ನನ್ನ ಕೋರಿಕೆ. ಸುಮಾರು ಸಾವಿರ ಮಕ್ಕಳಲ್ಲಿ ಒಂದು ಮಗು ಸೊಟ್ಟಪಾದದೊಂದಿಗೆ ಹುಟ್ಟುತ್ತದೆ: ಹಿಮ್ಮಡಿ ಮೇಲಕ್ಕೆಳೆದು, ಅಂಗಾಲು ಒಳಕ್ಕೆ ತಿರುಗಿ, ಪಾದದ ಮುಂಭಾಗ ಒಳಮುಖವಾಗಿ ಬಾಗಿರುತ್ತದೆ. ಹೆಣ್ಣುಮಕ್ಕಳಿಗಿಂತ ಗಂಡುಮಕ್ಕಳಲ್ಲಿ ಇದು ಹೆಚ್ಚು. ಸುಮಾರು ಅರ್ಧದಷ್ಟು ಮಕ್ಕಳಲ್ಲಿ ಎರಡೂ ಪಾದಗಳು ಹೀಗಿರುತ್ತವೆ. ಗರ್ಭಿಣಿ ಗ್ರಹಣದ ಹೊತ್ತಿನಲ್ಲಿ ಹೊರಗೆ ಬಂದಳು, ಏನನ್ನೋ ಕತ್ತರಿಸಿದಳು ಎಂದು ತಾಯಿಯ ತಲೆಗೆ ಕಟ್ಟುವ ಮಾತು ಇಂದಿಗೂ ನಮ್ಮ ಮನೆಗಳಲ್ಲಿ ಕೇಳುತ್ತದೆ. ಗ್ರಹಣಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಬಾಣಂತಿಯ ಕಿವಿಗೆ ಈ ಮಾತನ್ನು ಆಶಾ ಕಾರ್ಯಕರ್ತೆ ಹೇಳಿದರೂ ಸರಿ, ವೈದ್ಯರು ಹೇಳಿದರೂ ಸರಿ, ಅತ್ತೆಯ ಎದುರಿನಲ್ಲೇ ಹೇಳಬೇಕು.

ಇದರ ಚಿಕಿತ್ಸೆ ಅಗ್ಗದ್ದು, ಮತ್ತು ಬಹುಪಾಲು ಮಕ್ಕಳಲ್ಲಿ ಫಲಿಸುವಂಥದ್ದು. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿದ್ದ ಇಗ್ನೇಷಿಯೊ ಪೊನ್ಸೆಟಿ ಎಂಬ ವೈದ್ಯರು ರೂಪಿಸಿದ ಈ ವಿಧಾನದಲ್ಲಿ ಮಗುವಿನ ಪಾದವನ್ನು ಮೆಲ್ಲಗೆ, ಕ್ರಮಬದ್ಧವಾಗಿ ತಿದ್ದುತ್ತ ವಾರಕ್ಕೊಮ್ಮೆ ಬೆರಳಿನಿಂದ ತೊಡೆಯವರೆಗೆ ಪ್ಲಾಸ್ಟರ್ ಹಾಕುತ್ತಾರೆ. ಸಾಮಾನ್ಯವಾಗಿ ಐದರಿಂದ ಏಳು ಪ್ಲಾಸ್ಟರುಗಳಲ್ಲಿ ಪಾದ ನೇರವಾಗುತ್ತದೆ. ಹೆಚ್ಚಿನ ಮಕ್ಕಳಿಗೆ ಕೊನೆಯಲ್ಲಿ ಹಿಮ್ಮಡಿಯ ಮೇಲಿನ ಬಿಗಿದ ಸ್ನಾಯುರಜ್ಜುವನ್ನು ಸಣ್ಣ ಗಾಯದ ಮೂಲಕ ಕತ್ತರಿಸಿ ಮೂರು ವಾರದ ಪ್ಲಾಸ್ಟರ್ ಹಾಕಬೇಕಾಗುತ್ತದೆ. ಎಳೆಯ ಮಕ್ಕಳಲ್ಲಿ ಆ ರಜ್ಜು ತಾನಾಗಿಯೇ ಉದ್ದವಾಗಿ ಮತ್ತೆ ಕೂಡಿಕೊಳ್ಳುತ್ತದೆ. ನಂತರ ಎರಡು ಬೂಟುಗಳನ್ನು ಅಡ್ಡಪಟ್ಟಿಯೊಂದರಿಂದ ಜೋಡಿಸಿದ ಬ್ರೇಸ್ ಕೊಡುತ್ತಾರೆ. ಮೊದಲ ಮೂರು ತಿಂಗಳು ದಿನಕ್ಕೆ 23 ಗಂಟೆ, ಆಮೇಲೆ ಮಗುವಿಗೆ ನಾಲ್ಕು ವರ್ಷವಾಗುವವರೆಗೆ ರಾತ್ರಿ ಮತ್ತು ಹಗಲುನಿದ್ದೆಯ ಹೊತ್ತು ಅದನ್ನು ಹಾಕಬೇಕು. ಈ ಬ್ರೇಸ್‌ನಲ್ಲಿಯೇ ಎಲ್ಲ ಕೆಡುವುದು. ಪಾದ ನೇರವಾಗಿ ಕಾಣುತ್ತಿರುತ್ತದೆ, ಮಗು ಅಳುತ್ತದೆ, ನೆಂಟರು ‘ಸರಿಯಾಗಿದೆಯಲ್ಲ, ಮಗುವಿಗ್ಯಾಕೆ ಈ ಸಂಕೋಲೆ’ ಎನ್ನುತ್ತಾರೆ, ಬ್ರೇಸ್ ಅಟ್ಟ ಸೇರುತ್ತದೆ. ಕೆಲವು ತಿಂಗಳಲ್ಲಿ ಪಾದ ಮತ್ತೆ ತಿರುಗುತ್ತದೆ. ಇನ್ನು ಪ್ಲಾಸ್ಟರಿನ ಹಂತದಲ್ಲೇ ನಿಲ್ಲಿಸಿದವರೂ ಇದ್ದಾರೆ. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ, ಆದುದರಿಂದ ಬಸ್ ಚಾರ್ಜು ತೊಡಕಲ್ಲ. ಕೆ.ಆರ್. ಪೇಟೆಯ ಮೂಲೆಯ ಹಳ್ಳಿಯಿಂದಲೋ ಮಳವಳ್ಳಿಯ ಕಾಡಂಚಿನಿಂದಲೋ ಪ್ಲಾಸ್ಟರಿನ ಕೂಸನ್ನೆತ್ತಿಕೊಂಡು ವಾರವಾರವೂ ಜಿಲ್ಲಾ ಕೇಂದ್ರಕ್ಕೆ ಬಂದು ಹೋಗುವುದೆಂದರೆ ಬಾಣಂತಿಗೆ ಇಡೀ ದಿನದ ಆಯಾಸ, ಜೊತೆಗೆ ಬರುವವರಿಗೆ ಒಂದು ದಿನದ ಕೂಲಿ ನಷ್ಟ. ತೊಡಕು ಅಲ್ಲಿದೆ.

ವ್ಯವಸ್ಥೆಯ ಬಿಡಿಭಾಗಗಳೆಲ್ಲ ಈಗಾಗಲೇ ಇವೆ ಎಂಬುದನ್ನು ತಾವು ಗಮನಿಸಬೇಕು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಸೊಟ್ಟಪಾದ ಸೇರಿದೆ. ಆಸ್ಪತ್ರೆಯಲ್ಲಿ ಹೆರಿಗೆಯಾದ ಮಗುವನ್ನು ಆಶಾ ಕಾರ್ಯಕರ್ತೆಯರು 3, 7, 14, 21, 28 ಮತ್ತು 42ನೆಯ ದಿನಗಳಲ್ಲಿ ಮನೆಗೆ ಹೋಗಿ ನೋಡಬೇಕೆಂಬ ನಿಯಮವಿದೆ. ಅವರ ನಮೂನೆಯಲ್ಲಿ ಪಾದವನ್ನು ನೋಡಿ ಗುರುತಿಸುವ ಒಂದು ಸಾಲು ಎದ್ದು ಕಾಣುವಂತಿದ್ದರೆ ಮೊದಲ ವಾರದಲ್ಲೇ ಮಗು ಸಿಗುತ್ತದೆ. ಗರ್ಭದಲ್ಲಿ ಮಲಗಿದ ರೀತಿಯಿಂದ ತುಸು ಬಾಗಿದ ಪಾದವಾದರೆ ಬೆರಳಿನಿಂದ ಮೆಲ್ಲಗೆ ತಳ್ಳಿದಾಗ ನೇರವಾಗುತ್ತದೆ. ನಿಜವಾದ ಸೊಟ್ಟಪಾದ ಹಾಗೆ ಬಗ್ಗುವುದಿಲ್ಲ. ಪ್ಲಾಸ್ಟರ್ ಹಾಕಲು ಕಲಿತ ವೈದ್ಯರು ಮತ್ತು ಸಹಾಯಕರು ವಾರದ ಒಂದು ನಿಗದಿತ ದಿನ ದೂರದ ತಾಲ್ಲೂಕು ಆಸ್ಪತ್ರೆಗಳಿಗೆ ಹೋಗುವಂತಾಗಬೇಕು. ಬ್ರೇಸ್ ಪಡೆದ ಪ್ರತಿ ಮಗುವಿನ ಹೆಸರು ನಾಲ್ಕು ವರ್ಷ ತುಂಬುವವರೆಗೆ ಆ ಊರಿನ ಆಶಾ ಮತ್ತು ಅಂಗನವಾಡಿಯ ಪುಸ್ತಕದಲ್ಲಿರಬೇಕು. ಮಗು ಬೆಳೆದಂತೆ ಬೂಟಿನ ಅಳತೆ ಬದಲಾಗುವಾಗ ಹೊಸದು ಅಲ್ಲೇ ಸಿಗಬೇಕು. ಜಿಲ್ಲೆಯ ಯಾವ ಮಗುವೂ ಸೊಟ್ಟಪಾದದ ಮೇಲೆ ನಡೆಯಲು ಕಲಿಯದಂತೆ ಮಾಡುವುದು ಇಷ್ಟರಿಂದ ಸಾಧ್ಯ.

ಕಾಲು ಬಿಲ್ಲಿನಂತೆ ಬಾಗಿದೆ, ಮಂಡಿಗಳು ಒಂದಕ್ಕೊಂದು ತಾಗುತ್ತವೆ ಎಂದು ಗಾಬರಿಯಾಗಿ ಬರುವ ತಂದೆತಾಯಿಗಳಿಗೆ ಹೆಚ್ಚಾಗಿ ಸಮಾಧಾನವನ್ನೇ ಹೇಳಬೇಕಾಗುತ್ತದೆ. ಎರಡು ವರ್ಷದವರೆಗೆ ಕಾಲು ಹೊರಬಾಗಿರುವುದು, ಮೂರು ನಾಲ್ಕನೆಯ ವಯಸ್ಸಿನಲ್ಲಿ ಮಂಡಿಗಳು ಒಳಬಾಗುವುದು, ಏಳೆಂಟು ವರ್ಷದ ಹೊತ್ತಿಗೆ ನೇರವಾಗುವುದು ಬೆಳವಣಿಗೆಯ ಸಹಜ ಕ್ರಮ. ಬಾಗು ಒಂದೇ ಕಾಲಿನಲ್ಲಿದ್ದರೆ, ವಯಸ್ಸಾದಂತೆ ಹೆಚ್ಚುತ್ತಿದ್ದರೆ, ಮಗು ವಯಸ್ಸಿಗೆ ತಕ್ಕ ಎತ್ತರವಿಲ್ಲದಿದ್ದರೆ, ಮಣಿಕಟ್ಟು ದಪ್ಪಗಾಗಿದ್ದರೆ ಪರೀಕ್ಷೆ ಬೇಕು, ಮೂಳೆ ಮೆತ್ತಗಾಗುವ ರಿಕೆಟ್ಸ್ ಕಾಯಿಲೆ ಇರಬಹುದು. ನಮ್ಮ ರಾಗಿಯಲ್ಲಿ 100 ಗ್ರಾಂಗೆ 300 ಮಿಲಿಗ್ರಾಂಗೂ ಹೆಚ್ಚು ಸುಣ್ಣದಂಶವಿದೆ, ಆದರೆ ಡಿ ಜೀವಸತ್ವವಿಲ್ಲದೆ ಅದು ಮೈಗೆ ಹತ್ತುವುದಿಲ್ಲ. ಮಗುವಿನ ಮೈಗೆ ಬಿಸಿಲು ಬೀಳಬೇಕು, ಕೊರತೆ ಕಂಡುಬಂದರೆ ವೈದ್ಯರು ಹೇಳಿದಷ್ಟು ಔಷಧಿ ಕೊಡಬೇಕು. ಬೆಳವಣಿಗೆ ನಿಲ್ಲುವ ಮೊದಲು ಬಂದರೆ ಮಂಡಿಯ ಬಳಿ ಸಣ್ಣ ಲೋಹದ ಪಟ್ಟಿ ಕೂರಿಸಿ, ಬೆಳವಣಿಗೆಯನ್ನೇ ಬಳಸಿಕೊಂಡು ಬಾಗನ್ನು ತಿದ್ದಬಹುದು. ತಡವಾದರೆ ಮೂಳೆಯನ್ನೇ ಕತ್ತರಿಸಿ ಕೂರಿಸಬೇಕಾಗುತ್ತದೆ.

ಕಬ್ಬು ಕಡಿಯುವ ಹಂಗಾಮಿನಲ್ಲಿ ಮಚ್ಚು ಜಾರಿ ಕಾಲ್ಗಿಣ್ಣಿನ ಮುಂಭಾಗಕ್ಕೋ ಹಿಮ್ಮಡಿಯ ಮೇಲಕ್ಕೋ ಬೀಳುವುದು ಇಲ್ಲಿಯ ರೈತರಿಗೂ ಆಲೆಮನೆಯ ಕೂಲಿಯವರಿಗೂ ಹೊಸದಲ್ಲ. ಚರ್ಮಕ್ಕೆ ನಾಲ್ಕು ಹೊಲಿಗೆ ಹಾಕಿ, ಧನುರ್ವಾಯು ಚುಚ್ಚುಮದ್ದು ಕೊಟ್ಟು ಕಳುಹಿಸುವ ಮೊದಲು ಹೆಬ್ಬೆರಳನ್ನು ಮೇಲೆತ್ತಿಸಿ, ಪಾದವನ್ನು ಮೇಲಕ್ಕೂ ಕೆಳಕ್ಕೂ ಆಡಿಸಿ ನೋಡಬೇಕು. ಒಳಗೆ ಸ್ನಾಯುರಜ್ಜು ತುಂಡಾಗಿದ್ದರೆ ಆ ದಿನವೋ ಮುಂದಿನ ಕೆಲವು ದಿನಗಳಲ್ಲೋ ಹೊಲಿದರೆ ಕೂಡುತ್ತದೆ. ತಿಂಗಳುಗಳ ಮೇಲೆ ಬಂದವರಿಗೆ ಬೇರೆಡೆಯಿಂದ ರಜ್ಜು ತಂದು ಜೋಡಿಸಬೇಕು, ಫಲವೂ ಅರ್ಧ. ಹಾಗೆಯೇ ವರ್ಷಗಟ್ಟಲೆ ಆಡದೆ ಒಮ್ಮೆಲೇ ಶಟ್ಲ್ ಅಂಕಣಕ್ಕಿಳಿದ ನಡುವಯಸ್ಸಿನವರು ‘ಹಿಂದಿನಿಂದ ಯಾರೋ ಒದ್ದ ಹಾಗಾಯಿತು’ ಎಂದರೆ ಅದು ಹಿಮ್ಮಡಿಯ ರಜ್ಜು ಹರಿದದ್ದು. ಅವರನ್ನು ಬೋರಲಾಗಿ ಮಲಗಿಸಿ ಮೀನಖಂಡ ಹಿಸುಕಿದಾಗ ಪಾದ ಅಲುಗದಿದ್ದರೆ ಅನುಮಾನವೇ ಬೇಡ. ಅವರು ನಡೆದಾಡುತ್ತಾರೆಂಬ ಕಾರಣಕ್ಕೆ ಉಳುಕೆಂದು ಬಿಡುವುದು ನಡೆದೇ ಇದೆ.

ಬೈಕಿನ ಹಿಂದಿನ ಚಕ್ರದ ಕಡ್ಡಿಗಳಿಗೆ ಮಕ್ಕಳ ಹಿಮ್ಮಡಿ ಸಿಕ್ಕುವ ಗಾಯ ಪೂರ್ತಿಯಾಗಿ ತಡೆಯಬಹುದಾದದ್ದು. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 123ನೆಯ ನಿಯಮವು ದ್ವಿಚಕ್ರ ವಾಹನದ ಹಿಂದಿನ ಚಕ್ರದ ಕನಿಷ್ಠ ಅರ್ಧಭಾಗ ಮುಚ್ಚುವ ರಕ್ಷಕವನ್ನು ಕಡ್ಡಾಯಗೊಳಿಸಿದೆ. ಅಂದಕ್ಕೆಂದು ಅದನ್ನು ಬಿಚ್ಚಿಸುವವರೇ ಹೆಚ್ಚು. ಹೆಲ್ಮೆಟ್ ತಪಾಸಣೆಗೆ ನಿಂತ ಪೊಲೀಸರು ಇದನ್ನೂ ಒಮ್ಮೆ ನೋಡಬಹುದು.

ಕೆಲವು ಸಂದರ್ಭಗಳಲ್ಲಿ ವಾರಗಳಲ್ಲ, ಗಂಟೆಗಳೇ ಮುಖ್ಯ. ಜ್ವರದೊಂದಿಗೆ ಒಂದೇ ಮಂಡಿ ಊದಿ, ಕಾಲೂರಲು ಒಪ್ಪದ ಮಗುವಿನ ಕೀಲಿನಲ್ಲಿ ಕೀವಾಗಿರಬಹುದು. ಅಂದೇ ಆಸ್ಪತ್ರೆ ಸೇರಬೇಕು. ಅಪಘಾತದಲ್ಲಿ ಮಂಡಿಯೇ ಕಳಚಿ ಪಾದ ತಣ್ಣಗಾದರೆ ಹಿಂಬದಿಯ ರಕ್ತನಾಳ ಹರಿದಿರಬಹುದು. ಸಕ್ಕರೆ ಕಾಯಿಲೆಯವರ ಗಿಣ್ಣು ಪೆಟ್ಟಿಲ್ಲದೆ ಊದಿ, ಕೆಂಪಾಗಿ, ಬಿಸಿಯಾಗಿ, ನೋವು ಮಾತ್ರ ಅಷ್ಟಾಗಿ ಇಲ್ಲದಿದ್ದರೆ ಅದನ್ನು ಉಳುಕೆಂದು ನಡೆಯಲು ಬಿಟ್ಟವರ ಪಾದದ ಮೂಳೆಗಳು ಪುಡಿಯಾಗಿ ಆಕಾರವೇ ಕೆಡುತ್ತದೆ.

ವಯಸ್ಸಾದವರ ಮಂಡಿ ಸವೆತದ ಬಗ್ಗೆ ಪತ್ರಿಕೆಗಳ ಜಾಹೀರಾತುಗಳೇ ಸಾಕಷ್ಟು ಮಾತಾಡುತ್ತಿರುವುದರಿಂದ ನಾನು ಚಿಕ್ಕದಾಗಿ ಮುಗಿಸುತ್ತೇನೆ. ತೊಡೆಯ ಮುಂಭಾಗದ ಸ್ನಾಯುವಿನ ವ್ಯಾಯಾಮ ಮತ್ತು ತೂಕ ಇಳಿಕೆ, ಇವೆರಡರಷ್ಟು ಆಧಾರವುಳ್ಳ ಚಿಕಿತ್ಸೆ ಆರಂಭದ ಹಂತದಲ್ಲಿ ಬೇರೆ ಇಲ್ಲ; ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಯಲ್ಲಿ ಮಂಡಿಯ ಮೇಲಿನ ಭಾರ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ. ಸವೆತ ಮುಂದುವರಿದು ರಾತ್ರಿಯೂ ನೋವು ಬಿಡದಿದ್ದರೆ ಕೀಲು ಬದಲಾವಣೆ ಒಳ್ಳೆಯ ಚಿಕಿತ್ಸೆಯೇ. 2017ರ ಆಗಸ್ಟ್‌ನಲ್ಲಿ ಕೇಂದ್ರದ ಔಷಧ ಬೆಲೆ ಪ್ರಾಧಿಕಾರವು ಹೆಚ್ಚು ಬಳಕೆಯ ಕೋಬಾಲ್ಟ್-ಕ್ರೋಮಿಯಂ ಕೃತಕ ಮಂಡಿಯ ಗರಿಷ್ಠ ಬೆಲೆಯನ್ನು ತೆರಿಗೆ ಬಿಟ್ಟು 54,720 ರೂಪಾಯಿಗೆ ಇಳಿಸಿದ ಮೇಲೆ ಅದು ಇನ್ನಷ್ಟು ಜನರ ಕೈಗೆಟುಕಿದೆ. ಆದರೆ ಶಸ್ತ್ರಚಿಕಿತ್ಸೆಯ ನಂತರದ ಮೊದಲ ಆರು ವಾರಗಳಲ್ಲಿ ಮಂಡಿ ಮಡಚುವ, ನೇರ ಮಾಡುವ ವ್ಯಾಯಾಮ ನಡೆಯದಿದ್ದರೆ ಹೊಸ ಕೀಲು ಬಿಗಿದುಕೊಳ್ಳುತ್ತದೆ. ದುಡಿದು ದುಡಿದು ಮಂಡಿ ಕಳೆದುಕೊಂಡ ನಾಟಿ ಕೆಲಸದ ಹೆಣ್ಣುಮಕ್ಕಳು ತಾಲ್ಲೂಕು ಕಚೇರಿಗೆ ಬಂದಾಗ ಕುಕ್ಕರಗಾಲಿನ ಶೌಚಾಲಯ ಕಂಡು ನೀರು ಕುಡಿಯದೆ ದಿನ ಕಳೆಯುತ್ತಾರೆ. ಪ್ರತಿ ಸರ್ಕಾರಿ ಕಚೇರಿ, ಆಸ್ಪತ್ರೆ ಮತ್ತು ಬಸ್ ನಿಲ್ದಾಣದಲ್ಲಿ ಹಿಡಿಕೆಯುಳ್ಳ ಒಂದು ಕಮೋಡ್ ಇರುವಂತೆ ಆದೇಶಿಸುವುದು ತಮ್ಮ ಕೈಯಲ್ಲಿದೆ. ಭಾರತ 2014ರ ಮಾರ್ಚ್‌ನಲ್ಲಿ ಪೋಲಿಯೊ ಮುಕ್ತವೆಂದು ಘೋಷಣೆಯಾದ ಮೇಲೆ, ಮೊದಲೇ ಪೋಲಿಯೊ ತಗುಲಿದವರನ್ನು ಎಲ್ಲರೂ ಮರೆತಂತಿದೆ. ಅವರು ಕಾಲಿಗೆ ಆಸರೆಯಾಗಿ ಕಟ್ಟಿಕೊಳ್ಳುವ ಕ್ಯಾಲಿಪರಿನ ಒಂದು ತಿರುಪು ಸಡಿಲವಾದರೂ ಜಿಲ್ಲಾ ಕೇಂದ್ರಕ್ಕೆ ಬರಬೇಕು. ಇದೂ ತಮ್ಮ ಪಟ್ಟಿಯಲ್ಲಿರಲಿ.

ನನ್ನ ಬೇಡಿಕೆಗಳಲ್ಲಿ ಹೊಸ ಕಟ್ಟಡ ಒಂದೂ ಇಲ್ಲ. ಜಿಲ್ಲೆಯ ಎಲ್ಲ ತಾಲ್ಲೂಕು ಆಸ್ಪತ್ರೆಗಳಲ್ಲಿ ವಾರದ ಎಲ್ಲ ಕೆಲಸದ ದಿನಗಳಲ್ಲಿ ಫಿಜಿಯೋಥೆರಪಿ ದೊರೆಯಬೇಕು, ಮತ್ತು ದೊಡ್ಡ ಆಸ್ಪತ್ರೆಯಿಂದ ಬಿಡುಗಡೆಯಾಗುವ ಪ್ರತಿಯೊಬ್ಬರ ಚೀಟಿಯ ಮೇಲೆ ಮುಂದಿನ ವ್ಯಾಯಾಮಕ್ಕೆ ಯಾವ ದಿನ, ಎಲ್ಲಿಗೆ ಹೋಗಬೇಕೆಂಬುದು ಕನ್ನಡದಲ್ಲಿ ಬರೆದಿರಬೇಕು. ಪಂದ್ಯಾವಳಿಗಳಿಗೆ ಅನುಮತಿ ಕೊಡುವಾಗ ಮೆತ್ತನೆಯ ಅಂಕಣ, ಸ್ಟ್ರೆಚರ್, ಕ್ರೇಪ್ ಬ್ಯಾಂಡೇಜ್, ಪ್ರಥಮ ಚಿಕಿತ್ಸೆ ಬಲ್ಲ ಒಬ್ಬರು, ಇಷ್ಟನ್ನಾದರೂ ಷರತ್ತಾಗಿ ಸೇರಿಸಬೇಕು. ಹೋಬಳಿ ಮಟ್ಟದ ಶಾಲಾ ಕ್ರೀಡಾಕೂಟಗಳು ಆರಂಭವಾಗುವುದಕ್ಕೆ ಮೊದಲು ದೈಹಿಕ ಶಿಕ್ಷಣ ಶಿಕ್ಷಕರನ್ನು ತಾಲ್ಲೂಕುವಾರು ಒಂದು ಶನಿವಾರ ಸೇರಿಸಿದರೆ, ಗಿಣ್ಣಿನ ಮೂಳೆಯನ್ನು ಎಲ್ಲಿ ಒತ್ತಿ ನೋಡಬೇಕು, ಬ್ಯಾಂಡೇಜನ್ನು ಎಷ್ಟು ಬಿಗಿಯಾಗಿ ಸುತ್ತಬೇಕು, ಯಾವ ಮಂಡಿಯನ್ನು ಅಲುಗಿಸದೆ ಕಳುಹಿಸಬೇಕು ಎಂಬುದನ್ನು ತೋರಿಸಿಕೊಡಲು ನಾನೂ ನನ್ನ ವೃತ್ತಿಯ ಹಲವರೂ ಸಂಭಾವನೆಯಿಲ್ಲದೆ ಬರಲು ಸಿದ್ಧರಿದ್ದೇವೆ. ಒಂದು ಕೊಠಡಿ ಮತ್ತು ಎರಡು ಗಂಟೆಯ ಸಮಯ ಸಾಕು. ದಿನಾಂಕವನ್ನು ತಾವು ತಿಳಿಸಬೇಕು.

ಇತಿ ತಮ್ಮ ವಿಶ್ವಾಸಿ,
ಮಂಡ್ಯ ಜಿಲ್ಲೆಯ ಒಬ್ಬ ಫಿಜಿಯೋಥೆರಪಿಸ್ಟ್